ಡಬ್ಬಿ ತರದವರಿಗೆ ಪಂಪಿಲ್ಲ

ಬೆಳಗಿನ ಐದೂವರೆ. ಹೈದರಾಬಾದಿನ ಸನತ್‌ನಗರದಲ್ಲಿ ಲಿಂಗಣ್ಣನವರ ತಗಡಿನ ಶೆಡ್ಡಿನ ಮುಂದೆ ಪೇಂಟರುಗಳು ಬಣ್ಣದ ಡಬ್ಬಿ ಹಿಡಿದು ನಿಂತಿದ್ದಾರೆ. ಬಣ್ಣ ಚಿಮ್ಮಿಸುವ ಪಂಪುಗಳನ್ನು ಬಾಡಿಗೆಗೆ ಕೊಡುವ ಲಿಂಗಣ್ಣ, ಎಷ್ಟು ದಿನಕ್ಕೆ ಬೇಕೆಂದು ಕೇಳುವುದು ಆಮೇಲೆ. ಮೊದಲು ಮುಚ್ಚಳ ತೆಗೆಸಿ, ಕಡ್ಡಿ ಅದ್ದಿ ಎತ್ತುತ್ತಾರೆ. ಬಣ್ಣ ಸರಾಗ ಇಳಿದರೆ ಸಣ್ಣ ಪಂಪು. ದೋಸೆ ಹಿಟ್ಟಿನಂತೆ ಕಡ್ಡಿಗೆ ಕಚ್ಚಿಕೊಂಡರೆ ದೊಡ್ಡ ಪಿಸ್ಟನ್ ಪಂಪು.

ಇವತ್ತು ಮೇಸ್ತ್ರಿ ರಾಮದಾಸ ಬರಿಗೈಯಲ್ಲಿ ಬಂದಿದ್ದಾನೆ. ಗಚ್ಚಿಬೌಲಿಯ ಹೊಸ ಐಟಿ ಕಟ್ಟಡದ ಹೊರಗೋಡೆಗೆ ದಪ್ಪ ಬಣ್ಣ ಹೊಡೆಯಬೇಕು, ಅದಕ್ಕೆ ಸಣ್ಣ ಪಂಪೇ ಸಾಕಂತೆ.

"ದೊಡ್ಡದನ್ನ ಹನ್ನೊಂದನೇ ಮಾಳಿಗಿಗೆ ಯಾರು ಹೊರಬೇಕು? ಜಲ್ದಿ ಕೊಡ್ರಿ."

"ಕೊಡಂಗಿಲ್ಲ ಅಂದ್ರ ಕೊಡಂಗಿಲ್ರಿ."

ರಾಮದಾಸ ಗೊಣಗುತ್ತಾ ಎದುರಿನ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಕಡ್ಡಿಯ ಕಾಟವಿಲ್ಲ. ಎರಡೇ ನಿಮಿಷದಲ್ಲಿ ಸಣ್ಣ ಪಂಪು ಆಟೋ ಹತ್ತುತ್ತದೆ.

ಸುರಪುರದ ಕಡೆಯಿಂದ ಪೇಂಟರಾಗಿ ಬಂದ ಲಿಂಗಣ್ಣನವರ ಬಳಿ ಈಗ ಒಂಬತ್ತು ಪಂಪುಗಳಿವೆ. ದಿನಕ್ಕೆ ಹದಿನೈದು ಡಬ್ಬಿ ನೋಡುತ್ತಾರೆ, ನಾಲ್ಕೈದು ಜನರನ್ನು ವಾಪಸು ಕಳಿಸುತ್ತಾರೆ. ಈ ಹಟದ ಕಾರಣ ಅವರ ಮನೆಯೊಳಗೇ ಇದೆ.

ಮೂರು ವರ್ಷದ ಹಿಂದೆ ಹೆಂಡತಿ ಗದಿಗೆಮ್ಮನ ತಮ್ಮ ಹುಲಗೇಶ ಪಂಪು ಕೇಳಿಕೊಂಡು ಬಂದ. ಬಣ್ಣ ದಪ್ಪಗಿತ್ತು. ದೊಡ್ಡ ಪಂಪುಗಳೆಲ್ಲ ಹೊರಗೆ ಹೋಗಿದ್ದವು. ಮನೆಯ ಹುಡುಗ, ಹೇಗೋ ಸುಧಾರಿಸಿಕೊಳ್ಳುತ್ತಾನೆಂದು ಲಿಂಗಣ್ಣ ಸಣ್ಣದನ್ನೇ ಕೊಟ್ಟರು. ಬಣ್ಣ ಪಂಪಿನ ಮೂತಿಯಲ್ಲಿ ಕಟ್ಟಿಕೊಂಡಿತು. ಹುಲಗೇಶ ಒತ್ತಡ ಇಳಿಸದೆ ಬೆರಳಿನಿಂದ ಒರೆಸಿದ. ಒರೆಸುತ್ತಿದ್ದಂತೆ ಮೂತಿ ಬಿಟ್ಟುಕೊಂಡು ಬಣ್ಣ ಚರ್ಮ ತೂರಿ ಬೆರಳಿನೊಳಗೆ ನುಗ್ಗಿತು.

"ಸೂಜಿ ಚುಚ್ಚಿದಷ್ಟು ತೂತ್ರಿ. ರಕ್ತನೂ ಬರ್ಲಿಲ್ಲ. ಅರಿಶಿಣ ಹಚ್ಕೊಂಡು ಎರಡು ದಿನ ಕೆಲಸ ಮಾಡ್ಯಾನ. ಒಳಗ ಕೈ ಕೊಳಿಯಾಕತ್ತಿದ್ದು ಯಾರಿಗೂ ಗೊತ್ತಾಗ್ಲಿಲ್ಲ" ಎನ್ನುತ್ತಾರೆ ಲಿಂಗಣ್ಣ. ಬಲಗೈಯ ಮೂರು ಬೆರಳು ಕತ್ತರಿಸಬೇಕಾಯಿತು.

ಹುಲಗೇಶ ಈಗ ಗಚ್ಚಿಬೌಲಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾರುಗಳಿಗೆ ಗೇಟು ತೆಗೆಯುತ್ತಾನೆ. ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬರುತ್ತಾನೆ. ಗದಿಗೆಮ್ಮ ತಮ್ಮನಿಗೆ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ಕೊಡುತ್ತಾರೆ. ಆ ಹೊತ್ತು ಗಂಡನ ಮುಖ ನೋಡುವುದಿಲ್ಲ.

ನಿಮಗೇನು ಆಸೆ ಎಂದು ಕೇಳಿದರೆ ಲಿಂಗಣ್ಣ ಹುಲಗೇಶನ ಮಾತೆತ್ತುತ್ತಾರೆ.

"ಅಂವ ಒಂದ್ಸಲ ನಂಗ ಬಾಯಿಗೆ ಬಂದಂಗ ಬೈಬೇಕ್ರಿ, ಅಷ್ಟ. ಬೈಯಂಗಿಲ್ಲ. 'ತಪ್ಪು ನಂದೇ ಐತಿ ಮಾವ, ನೀ ಉಣ್ಣು' ಅಂತಾನ."