ಗೋಪುರ ಬಿಟ್ಟು ಕೊಂಡ ಚರ್ಚು

ಹನೂರು ದಾರಿಯ ಹಳೆಯ ಚರ್ಚನ್ನು ನಾನು ನಾನೂರು ರೂಪಾಯಿಗೆ ಕೊಂಡೆ, ಗೋಪುರ ಬಿಟ್ಟು. ಚಾವಣಿ ಕುಸಿದಿತ್ತು, ಅಲ್ಲಿನ ಕ್ರೈಸ್ತ ಕುಟುಂಬಗಳೆಲ್ಲ ಕೆಲಸ ಹುಡುಕಿ ಊರು ಬಿಟ್ಟಿದ್ದವು. ಅದಕ್ಕೇ ಅಷ್ಟು ಅಗ್ಗಕ್ಕೆ ಸಿಕ್ಕಿತು. ಅರವತ್ತರ ದಶಕದ ಮೊದಲ ವರ್ಷಗಳು. ಹಳೇ ಕಟ್ಟಡ ಕೆಡವಿ ಇಟ್ಟಿಗೆ, ತೊಲೆ, ಬಾಗಿಲು ಮಾರುವುದು ನನ್ನ ಕಸುಬು. ಕೊಳ್ಳುವ ಮುನ್ನ ಮೊಳೆಯಿಂದ ಗೋಡೆಯ ಸಂದು ಕೆರೆದು ನೋಡುತ್ತಿದ್ದೆ. ಚರ್ಚಿನ ಗೋಡೆಯನ್ನು ಕೆಸರುಮಣ್ಣಿನಲ್ಲಿ ಕಟ್ಟಿದ್ದರು. ಇಟ್ಟಿಗೆ ಇಡಿಯಾಗಿ ಬಿಡುತ್ತದೆ. ಗೋಪುರಕ್ಕೆ ಸುಣ್ಣದ ಗಾರೆ; ಹಾರೆ ಹಾಕಿದರೆ ಇಟ್ಟಿಗೆ ಪುಡಿಯಾದೀತೇ ಹೊರತು ಬಿಡುವುದಿಲ್ಲ. ಮೇಲಿನ ಗಂಟೆಯೂ ಬಿರುಕು ಬಿಟ್ಟಿತ್ತು, ಯಾರೂ ಒಯ್ದಿರಲಿಲ್ಲ.

ಆ ಗಂಟೆ ಬಾರಿಸುತ್ತಿದ್ದ ಮುದುಕ ಗೋಪುರದ ಬುಡದಲ್ಲೇ ಒಬ್ಬನೇ ಇದ್ದ. ನಾನು ಕೆಡವಿಸಿದಷ್ಟು ದಿನವೂ ಎದುರಿಗೆ ಕೂತು ನೋಡಿದ. ಕೊನೆಯ ಗಾಡಿ ಹೊರಡುವಾಗ ಕೇಳಿದ:

“ಗೋಪುರ ಯಾವತ್ತು ಕೆಡುವ್ತೀರಿ, ಸಾವ್ಕಾರ್ರೆ?”

“ಅದು ನಂಗ್ಯಾಕ್ ತಾತ? ನಷ್ಟದ ಬಾಬ್ತು.”

“ಅಂಗಾದ್ರೆ ಒಂದುಪಕಾರ ಮಾಡಿ. ನಮ್ಮೋರು ಸತ್ರೆ ವಯಸ್ಸೆಷ್ಟೋ ಅಷ್ಟು ಸಲ ಗಂಟೆ ಬಾರುಸ್ಬೇಕು. ಈ ಊರೋರ್ಗೆಲ್ಲ ನಾನೇ ಬಾರ್ಸಿವ್ನಿ. ನಂಗೆ ಬಾರ್ಸೋರು ಯಾರೂ ಉಳ್ದಿಲ್ಲ. ಎಂಬತ್ತು ಸಲ ಬಾರುಸ್ಬುಡಿ.”

“ಎಂಬತ್ತಾ! ನೋಡುದ್ರೆ ಎಪ್ಪತ್ತೂ ಕಾಣಲ್ಲ.”

“ನನ್ನ ವಯಸ್ಗೂ ಚೌಕಾಸಿ ಮಾಡೀರಾ? ನಂಗೇ ಸರ್ಯಾಗ್ ಗೊತ್ತಿಲ್ಲ ಕಣ್ರಿ.”

“ಎಪ್ಪತ್ತೈದಕ್ಕೆ ಮುಗ್ಸು ತಾತ.”

ಬೊಚ್ಚು ಬಾಯಿ ತೆರೆದು ನಕ್ಕ. ಆಗಲಿ ಎಂದು ಒಪ್ಪಿದ. ಆಮೇಲೆ ಹನೂರಿಗೆ ಹೋಗುವಾಗೆಲ್ಲ ಬಸ್ಸಿಳಿದು ಅವನಿಗೊಂದು ಬೀಡಿ ಕಟ್ಟು ಕೊಟ್ಟು, ಮುಂದಿನ ಬಸ್ಸು ಬರುವ ತನಕ ಕೂತಿರುತ್ತಿದ್ದೆ. ಕೊಳ್ಳೇಗಾಲದ ಬಾಡಿಗೆ ಕೋಣೆಯಲ್ಲಿ ನನಗೂ ಮಾತಾಡಲು ಯಾರೂ ಇರಲಿಲ್ಲ.

ಒಂದು ಸಲ ಯಳಂದೂರಿನಲ್ಲಿ ಹಳೆ ಮನೆಯೊಂದರ ವ್ಯಾಪಾರ ಕುದುರದೆ, ಪಟ್ಟು ಹಿಡಿದು ನಾಲ್ಕು ದಿನ ಉಳಿದೆ. ಮರಳಿ ಬಂದಾಗ ಗೋಪುರದ ಪಕ್ಕ ಹೊಸ ಮಣ್ಣಿನ ದಿಬ್ಬ. ಅಕ್ಕಪಕ್ಕದ ಹೊಲದವರು ಮಣ್ಣು ಮಾಡಿದ್ದರು. ಗಂಟೆಯ ವಿಷಯ ಅವರಿಗೆ ತಿಳಿದಿರಲಿಲ್ಲ. ಅವನು ಕೇಳಿಕೊಂಡಿದ್ದು ನನ್ನೊಬ್ಬನನ್ನೇ.

ಹಗ್ಗ ಎಳೆದೆ. ಒಡಕು ಗಂಟೆ, ತಗಡು ಬಡಿದಂಥ ಸದ್ದು. ಎದುರು ಹೊಲದಲ್ಲಿ ಉಳುತ್ತಿದ್ದವನು ನೇಗಿಲು ನಿಲ್ಲಿಸಿ ನೋಡಿದ, ಮತ್ತೆ ಎತ್ತು ಹೊಡೆದ. ಎಪ್ಪತ್ತೈದಕ್ಕೆ ಕೈ ನಿಲ್ಲಲಿಲ್ಲ. ಎಂಬತ್ತೂ ಬಾರಿಸಿದೆ.

ಹಳೆ ಕಟ್ಟಡ ಕೊಳ್ಳುವವರಿಗೆ ಹೇಳುತ್ತೇನೆ: ಗೋಡೆಯ ಸಂದು ಕೆರೆದು ನೋಡಿ, ತೊಲೆ ತಟ್ಟಿ ನೋಡಿ, ಅದರ ನೆರಳಲ್ಲಿ ಯಾರಿದ್ದಾರೆಂದೂ ವಿಚಾರಿಸಿ. ಅವರಿಗೇನಾದರೂ ಮಾತು ಕೊಟ್ಟಿದ್ದರೆ, ಯಾವ ಊರಿಗೆ ಹೋಗುತ್ತೀರಿ, ಯಾರ ಮನೆಯಲ್ಲಿ ಸಿಗುತ್ತೀರಿ ಎಂದು ಪಕ್ಕದ ಹೊಲದವರಿಗೆ ಹೇಳಿ ಹೋಗಿ. ನಾನು ಹೇಳಿರಲಿಲ್ಲ.