ಕೋಟೆ ಬಾಗಿಲ ಬಳಿಯ ಮೈಸೂರು ಊಟ

ಆಗುವುದಿಲ್ಲ ಎಂದವಳು ನನ್ನ ಸೋದರತ್ತೆ ಸುಂದರಬಾಯಿ. ಬೇರೆ ಯಾರಾದರೂ ಅಂದಿದ್ದರೆ ಮರೆತುಬಿಡುತ್ತಿದ್ದೆ. ಬೀದರಿನ ಮೈಲೂರಿನಲ್ಲಿ ಒಂದು ಕೋಣೆ ಹಿಡಿದು, ನಾಲ್ಕು ಮನೆಗಳಿಗೆ ಜೋಳದ ರೊಟ್ಟಿ ಬಡಿದು ಬದುಕುತ್ತಿದ್ದ ವಿಧವೆ ಅವಳು. ನಮ್ಮೂರು ಡಾಬಕಾದಲ್ಲಿ ಶಾಲೆ ನಾಲ್ಕನೆಯ ಇಯತ್ತೆಗೆ ಮುಗಿಯುತ್ತಿತ್ತು. ಅತ್ತೆಯ ಕೋಣೆಯಲ್ಲಿ ಜಾಗ ಸಿಕ್ಕರೆ ನನಗೆ ಮುಂದಿನ ಓದು, ಇಲ್ಲದಿದ್ದರೆ ಇಲ್ಲ.

"ನಮ್ ಮನಿತನದಾಗ ಗಂಡಸರೇ ಹೆಬ್ಬೆಟ್ಟು ಒತ್ತೋರು. ಈ ಪೋರಿ ಸಾಲಿ ಕಲ್ತು ಸರ್ಟಿಫಿಕೇಟ್ ತರೂದು ಆಗೂ ಮಾತೇನ್ ಮಾಣಿಕಾ? ರೊಟ್ಟಿ ಬಡೀಲಾಕ ಕಲಸು" ಎಂದು ಅವಳು ಅಪ್ಪನಿಗೆ ಹೇಳಿ ಕಳಿಸಿದ್ದಳು.

ಅವು ನಮ್ಮ ಕಡೆಯವರು ಮೈಸೂರು ರಾಜ್ಯಕ್ಕೆ ಸೇರಿದ ಹೊಸ ದಿನಗಳು. ಅವ್ವನ ತವರೂರು ಗಡಿಯ ಆಚೆಗೆ ಹೋಗಿತ್ತು, ನಾವು ಈಚೆಗೆ ಉಳಿದಿದ್ದೆವು. ಹೊಲ ಅದೇ, ಬಾವಿ ಅದೇ. ಅದುವರೆಗೆ ಮರಾಠಿ ಪುಸ್ತಕ ಓದುತ್ತಿದ್ದ ನಮಗೆ ಕನ್ನಡ ಕಲಿಸಲು ಹೊಸ ಮಾಸ್ತರರು ಬಂದರು. ಮನೆಯಲ್ಲಿ ಆಡುವ ಮಾತಿಗೂ ಅಕ್ಷರ ಇರುತ್ತದೆ ಎಂದು ನನಗೆ ತಿಳಿದದ್ದೇ ಆಗ. ತೊಗರಿ ಹೊಲದ ಬದುವಿನಲ್ಲಿ ಕೂತು ಮಣ್ಣಿನ ಮೇಲೆ ಕಡ್ಡಿಯಿಂದ 'ಮೈಸೂರು' ಎಂದು ಬರೆಯುತ್ತಿದ್ದೆ. ಗಾಳಿ ಬಂದು ಅದನ್ನು ಅಳಿಸುತ್ತಿತ್ತು, ನಾನು ಮತ್ತೆ ಬರೆಯುತ್ತಿದ್ದೆ. ಆ ಊರು ಎಲ್ಲಿದೆಯೋ ಗೊತ್ತಿರಲಿಲ್ಲ. ತೊಗರಿ ಹೂವು ಎಲ್ಲಿಗೆ ಮುಗಿಯುತ್ತದೋ ಅಲ್ಲಿಂದ ಅದು ಸುರುವಾಗುತ್ತದೆ ಅಂದುಕೊಂಡಿದ್ದೆ.

ಅದೇ ಸಮಯಕ್ಕೆ ಬೀದರ ಕೋಟೆಯ ಹೊರಗೆ ಒಂದು ಹೋಟೆಲು ತೆರೆಯಿತು. ಕೋಟೆ ನೋಡಲು ಬರುವವರಿಗೆ, ಮೈಸೂರು ಕಡೆಯಿಂದ ವರ್ಗವಾಗಿ ಬಂದ ಸಾಹೇಬರಿಗೆ ಅಲ್ಲಿ ಮೈಸೂರು ಊಟವಂತೆ. ಕಚೇರಿ ಕೆಲಸಕ್ಕೆ ಹೋಗಿಬಂದವರು ಕಟ್ಟೆಯ ಮೇಲೆ ಕೂತು ಅದರ ವರ್ಣನೆ ಮಾಡುತ್ತಿದ್ದರು. ಒಬ್ಬರೂ ಒಳಗೆ ಹೋದವರಲ್ಲ. ಅವರ ಮಾತು ಕೇಳಿ ಕೇಳಿ ನಾನು ಮಾತ್ರ ಆ ಊಟವನ್ನು ಹೊಲದಲ್ಲಿ, ಬಾವಿಯ ಹತ್ತಿರ, ನಿದ್ದೆಯಲ್ಲಿ ಎಷ್ಟೋ ಸಲ ಉಂಡಿದ್ದೆ. ಪ್ರತಿ ಸಲ ರುಚಿ ಬೇರೆ ಇರುತ್ತಿತ್ತು.

ಅಪ್ಪ ಒಂದು ಉಪಾಯ ಮಾಡಿದ. "ಅಕ್ಕನ್ನ ಆ ಹೋಟಲಿಗಿ ಕರ್ಕೊಂಡ್ ಹೋಗ್ತೇನಿ. ಹೊಟ್ಟಿ ತುಂಬಿದ್ ಮ್ಯಾಲ ಕೇಳ್ತೇನಿ. ಇಲ್ಲ ಅನ್ನಂಗಿಲ್ಲ."

ಚಳಿಗಾಲದ ಬೆಳಗ್ಗೆ ಅಪ್ಪ, ನಾನು ಔರಾದಿನಲ್ಲಿ ಬಸ್ಸು ಹತ್ತಿದೆವು. ಮಂಜಿನಲ್ಲಿ ಕೆಂಪು ಕೋಟೆ ಮೊದಲು ಕಾಣಲಿಲ್ಲ, ಆಮೇಲೆ ತುಸು ತುಸುವೇ ಕಂಡಿತು, ಯಾರೋ ಅದನ್ನು ನೆನಪು ಮಾಡಿಕೊಳ್ಳುತ್ತಿರುವ ಹಾಗೆ. ಮೈಲೂರಿನ ಕೋಣೆಯಿಂದ ಅತ್ತೆ ಗೊಣಗುತ್ತಲೇ ನಮ್ಮ ಜೊತೆ ಬಂದಳು. ಸೆರಗಿನ ಗಂಟಿನಲ್ಲಿ ರೊಟ್ಟಿ ಇದ್ದವು. "ಇರ್ಲಿ. ಅಲ್ಲಿ ಏನ್ ಹಾಕ್ತಾರೋ ಯಾರಿಗಿ ಗೊತ್ತು?"

ಮೇಜಿಗೆ ಕೂತೆವು. ಪಕ್ಕದಲ್ಲಿ ಹೈದರಾಬಾದಿನಿಂದ ಮೋಟಾರಿನಲ್ಲಿ ಬಂದ ಸಂಸಾರ. ಬಡಿಸುವವನು ಮೂರು ತಾಟು ಇಟ್ಟು ಹೋದ. ಅನ್ನದ ಒಂದು ಮುದ್ದೆ, ನೀರಿನಂಥ ಸಾರು, ಕೊಬ್ಬರಿ ಉದುರಿಸಿದ ಪಲ್ಯ, ಮೆತ್ತಗಾದ ಹಪ್ಪಳ. ರೊಟ್ಟಿ ಇಲ್ಲ, ಖಾರ ಇಲ್ಲ, ಉಳ್ಳಾಗಡ್ಡಿ ಇಲ್ಲ. ನಾನು ಕೈ ಚಾಚಿದೆ. ಅಪ್ಪ ನನ್ನ ಕೈ ತಡೆದ.

"ತಡಿ. ಮನಿಯವರು ಹೇಳ್ಲಿ."

ನಮ್ಮ ಕಡೆ ಹಾಗೆಯೇ. ಯಾರ ಮನೆಯಲ್ಲೇ ಉಣ್ಣಲು ಕೂತರೂ ಆ ಮನೆಯವರು ಬಂದು "ಸುರು ಮಾಡ್ರಿ" ಅನ್ನುವ ತನಕ ತುತ್ತು ಮುಟ್ಟುವುದಿಲ್ಲ. ಮೊದಲೇ ಕೈ ಹಾಕಿದವರು ಹಸಿದು ಬಂದವರು, ಮರ್ಯಾದೆ ಕಾಣದವರು. ಹೋಟೆಲೂ ಒಬ್ಬರ ಮನೆಯೇ ಎಂದು ನಾವು ತಿಳಿದಿದ್ದೆವು. ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ಎದ್ದು ಬಂದು ಹೇಳುತ್ತಾರೆಂದು ಮೂವರೂ ಕೈ ಕಟ್ಟಿ ಕಾದೆವು. ಸಾರಿನ ಹಬೆ ನಿಂತಿತು. ಅನ್ನ ಬಿರುಸಾಯಿತು.

"ಭಾರಿ ಬೀಗರು ಸಿಕ್ಕಾರ ನಿನಗ" ಎಂದಳು ಅತ್ತೆ.

ನಾನು ಎದುರಿನ ಗೋಡೆ ನೋಡುತ್ತಿದ್ದೆ. ಅಲ್ಲೊಂದು ಬರಹ ಇತ್ತು. ಅಕ್ಷರ ಕೂಡಿಸಿ ಓದಿದೆ. ಇನ್ನೊಮ್ಮೆ ಓದಿದೆ.

ಕೊನೆಗೆ ಬಡಿಸುವವನೇ ಬಂದು ನಿಂತ. "ಏನ್ರೀ, ದೇವರಿಗೆ ನೈವೇದ್ಯ ಮಾಡ್ತಿದೀರಾ? ಜನ ಹೊರಗೆ ಕಾಯ್ತಿದಾರೆ. ಗೋಡೆ ಮೇಲೆ ಬರೆದಿದೆಯಲ್ಲ, ಓದೋಕೆ ಬರಲ್ವಾ?"

ಪಕ್ಕದ ಮೇಜಿನ ಮಕ್ಕಳು ನಕ್ಕವು. ಅಪ್ಪನ ಕತ್ತು ಬಗ್ಗಿತು. ಅವನ ಕತ್ತು ಹಾಗೆ ಬಗ್ಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ, ಶಾಲೆಯಲ್ಲಿ ಓದುವ ಹಾಗೆ ಎದ್ದು ನಿಂತು ಗಟ್ಟಿಯಾಗಿ ಓದಿದೆ: "ಬಡಿಸಿದ ಕೂಡಲೇ ಊಟ ಮುಗಿಸಿ ಜಾಗ ಬಿಡಿ."

ಅತ್ತೆ ನನ್ನ ಕಡೆ ತಿರುಗಿದಳು. "ನಿನಗ ಓದ್ಲಾಕ ಬರ್ತಿತ್ತು. ಮೊದಲೇ ಯಾಕ ಹೇಳ್ಲಿಲ್ಲ?"

"ಉಣ್ಲಾಕ ಕುಂತವರಿಗಿ ಯಾರರೆ ಹಂಗ ಬರೀತಾರೇನ್ ಅತ್ತಿ? ನಾನೇ ತಪ್ಪ ಓದೇನಿ ಅನ್ಕೊಂಡ್ನಿ."

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ತಣ್ಣಗಿನ ಅನ್ನ ಕಲಸಿದಳು. ಸಾರು ಸಿಹಿ ಇತ್ತು, ಪಲ್ಯವೂ ಸಿಹಿ. ಕನಸಿನಲ್ಲಿ ಉಂಡದ್ದರ ಒಂದು ರುಚಿಯೂ ಅಲ್ಲಿರಲಿಲ್ಲ. ಅಪ್ಪ ತಲೆಯೆತ್ತದೆ ತುತ್ತು ನುಂಗಿದ. ಕೇಳಬೇಕೆಂದಿದ್ದ ಮಾತು ಅವನ ಬಾಯಿಗೆ ಬರಲೇ ಇಲ್ಲ.

ಹೊರಗೆ ಬಂದು ಕೋಟೆಯ ಕಂದಕದ ಹತ್ತಿರ, ಹುಲ್ಲಿನ ಮೇಲೆ ಕೂತೆವು. ಗೋಡೆಯ ಸಂದಿಗಳಿಂದ ಗಿಳಿಗಳು ಹಾರುತ್ತಿದ್ದವು. ಅತ್ತೆ ಸೆರಗಿನ ಗಂಟು ಬಿಚ್ಚಿ ರೊಟ್ಟಿ ಹಂಚಿದಳು, ಮೇಲೆ ಶೇಂಗಾ ಹಿಂಡಿಯ ಖಾರಪುಡಿ ಹಾಕಿದಳು. ಬಿಸಿಲಿಗೆ ಹಿಂಡಿಯ ಬೆಳ್ಳುಳ್ಳಿ ವಾಸನೆ ಎದ್ದಿತು. "ಹೂಂ, ಸುರು ಮಾಡ್ರಿ" ಎಂದಳು. ಅಪ್ಪ ಆಗ ನಕ್ಕ.

ರೊಟ್ಟಿ ಮುರಿಯುತ್ತಾ ಅವಳೇ ಹೇಳಿದಳು: "ಪೋರಿ ನನ್ನ ಬಲ್ಲೇ, ನನ್ನ ಕೋಣ್ಯಾಗೇ ಇರ್ಲಿ ಮಾಣಿಕಾ. ಗ್ವಾಡಿ ಮ್ಯಾಲ ಏನ್ ಬರ್ದಾರಂತ ಹೇಳ್ಲಾಕ ಒಬ್ರು ಬೇಕು. ಸರ್ಟಿಫಿಕೇಟ್ ಮಾತ್ರ ಆಗೂ ಮಾತಲ್ಲ, ಅದಕ್ಕ ಆಸಿ ಇಟ್ಕೋಬ್ಯಾಡ."

ಆ ಒಂದು ಕೋಣೆಯಲ್ಲಿ ಹಿಟ್ಟಿನ ಡಬ್ಬಿಯ ಪಕ್ಕ ಪುಸ್ತಕ ಇಟ್ಟು ಓದಿದೆ. ಒಮ್ಮೆ ನಪಾಸಾದೆ, ಮತ್ತೆ ಕಟ್ಟಿದೆ. ರೊಟ್ಟಿ ಬಡಿಯುವುದನ್ನೂ ಕಲಿತೆ. ಮುಂದೆ ಭಾಲ್ಕಿಯಲ್ಲಿ ಮಾಸ್ತರಿಣಿಯಾಗಿ ಊರ ಮಕ್ಕಳಿಗೆ ಅಕ್ಷರ ತಿದ್ದಿಸಿದೆ.

ಈಗ ಆ ಹೋಟೆಲು ಇಲ್ಲ. ಅದೇ ಜಾಗದ ಆಸುಪಾಸಿನಲ್ಲಿ ಬೇರೆ ಇವೆ. ಮೊನ್ನೆ ಮೊಮ್ಮಕ್ಕಳ ಜೊತೆ ಹೋಗಿದ್ದೆ. ಸಾರು ಈಗಲೂ ನೀರೇ. ಕೆಟ್ಟ ಊಟ ಹೋಯಿತೆಂದು ಯಾರೂ ಮರುಗಬೇಕಾಗಿಲ್ಲ, ಅದು ಧಾರಾಳ ಸಿಗುತ್ತದೆ. ಆದರೆ ತಾಟು ಬಂದಾಗ ನಾನೊಬ್ಬಳೇ ಕೈ ಮಡಚಿ ಕೂತಿದ್ದೆ. ಮಕ್ಕಳು ಆಗಲೇ ಅರ್ಧ ಮುಗಿಸಿದ್ದರು. "ಆಯಿ, ತಣ್ಣಗಾಗ್ತದ, ಉಣ್ಣು" ಎಂದರು. ಯಾರಿಗಾಗಿ ಕಾಯುತ್ತಿದ್ದೇನೆ ಎಂದು ಅವರಿಗೆ ಹೇಗೆ ಹೇಳಲಿ? ಅಪ್ಪ ಇಲ್ಲ, ಅತ್ತೆ ಇಲ್ಲ. ಸುರು ಮಾಡು ಅನ್ನುವವರು ಯಾರೂ ಉಳಿದಿಲ್ಲ.

ಬಹಳ ವರ್ಷಗಳ ಹಿಂದೆ, ನಾನು ಬಿ.ಎ. ಸರ್ಟಿಫಿಕೇಟ್ ತಂದ ದಿನ ಅತ್ತೆ ಒಲೆಯ ಮುಂದೆ ಇದ್ದಳು. ಕೈಯ ಹಿಟ್ಟು ಸೆರಗಿಗೆ ಒರೆಸಿ, ಎರಡೂ ಕೈ ಚಾಚಿದಳು. ಕೊಟ್ಟೆ.

"ಇದರಾಗ ನಿನ್ನ ಹೆಸರು ಎಲ್ಲದ?"

ಅವಳ ಬೆರಳು ಹಿಡಿದು ಹೆಸರಿನ ಮೇಲೆ ಇಟ್ಟು ಓದಿ ಹೇಳಿದೆ. ಬೆರಳಿನ ಹಿಟ್ಟು ಅಲ್ಲಿ ಸ್ವಲ್ಪ ಅಂಟಿತು, ಇಂದಿಗೂ ಆ ಕಲೆ ಇದೆ. ಅವಳು ಅದನ್ನು ಗೋಡೆಯ ಗೂಡಿನಲ್ಲಿ ದೀಪದ ಪಕ್ಕ ನಿಲ್ಲಿಸಿ, ನನ್ನ ಮುಂದೆ ಬಿಸಿ ರೊಟ್ಟಿಯ ತಾಟು ಇಟ್ಟಳು. ನಾನು ಕೈ ಕಟ್ಟಿ ಕಾದೆ.

"ಈ ಸಲ ತಪ್ಪ ಓದಿಲ್ಲ ಹೌದಿಲ್ಲೋ?"

"ಇಲ್ಲ ಅತ್ತಿ."

"ಹಂಗಾರ ಸುರು ಮಾಡು, ನನ್ನವ್ವ."