ಹೊದಿಕೆ ಹೊಲಿದ ಬರಿಗೈ

ಸ್ವೀಡನ್ನಿನ ಸೋಲ್ನಾದ ನಮ್ಮ ಆಫೀಸಿನಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಫೀಕಾ. ಕೆಲಸ ಎಷ್ಟೇ ತಲೆಯ ಮೇಲೆ ಬಿದ್ದಿರಲಿ, ಎಲ್ಲರೂ ಎದ್ದು ಹೋಗಿ ಕಾಫಿ ಹಿಡಿದು ಕೂರಲೇಬೇಕು. ಆ ವಾರ ಮಾತೆಲ್ಲ ಚಂದ್ರನದೇ. ಯಾವ ದೇಶ ಮೊದಲು, ಯಾವ ದೇಶದ್ದು ಬಿತ್ತು, ಈಗ ಯಾರ ಸರದಿ. ಕ್ರಿಕೆಟ್ ಅಂದರೇನೆಂದು ಗೊತ್ತಿಲ್ಲದ ಜನ ಸ್ಕೋರ್ ಕೇಳುವವರ ಹಾಗೆ ಕೇಳುತ್ತಿದ್ದರು. "ನಿಮ್ಮ ದೇಶದ ನೌಕೆ ನಾಳೆ ಇಳಿಯುತ್ತಂತಲ್ಲ, ನಿನಗೆ ಅಲ್ಲಿನ ಎಂಜಿನಿಯರ್ ಯಾರಾದರೂ ಗೊತ್ತಾ?" ಎಂದು ಪಕ್ಕದ ಮೇಜಿನವನು ಕೇಳಿದ. ಇಲ್ಲ ಎಂದೆ. ಸುಳ್ಳೇನಲ್ಲ. ನನಗೆ ಗೊತ್ತಿರುವುದು ಹೊಲಿಯುವವಳು. ಆ ಹೊತ್ತಿಗೆ ಅವಳು ಪಕ್ಕದ ಊರಾದ ಸುಂಡ್‌ಬೀಬರ್ಯ್‌ನ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ನನ್ನ ಅಮ್ಮ.

ಅಮ್ಮ ಬೆಂಗಳೂರಿನಲ್ಲಿ ಉಪಗ್ರಹಗಳಿಗೆ ಹೊದಿಕೆ ಹೊಲಿಯುತ್ತಿದ್ದಳು. ಫೋಟೊಗಳಲ್ಲಿ ನೌಕೆಯ ಮೈಮೇಲೆ ಚಿನ್ನದ ತಗಡಿನಂತೆ ಹೊಳೆಯುತ್ತದಲ್ಲ, ಅದು ತಗಡಲ್ಲ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಹಾಳೆಗಳನ್ನು ಪದರ ಪದರವಾಗಿ ಇಟ್ಟು, ನಡುನಡುವೆ ಸೊಳ್ಳೆಪರದೆಯಂಥ ಬಲೆ ಹಾಸಿ, ಅಂಚು ಹೊಲಿದ ಕೌದಿ. ಅಲ್ಲಿ ಆಕಾಶದಲ್ಲಿ ಒಂದು ಮಗ್ಗುಲಿಗೆ ಸುಡುಬಿಸಿಲು, ಇನ್ನೊಂದು ಮಗ್ಗುಲಿಗೆ ಕೊರೆಯುವ ಚಳಿ. ಎರಡರಿಂದಲೂ ಒಳಗಿನ ಯಂತ್ರವನ್ನು ಅದು ಕಾಯಬೇಕು. ನಮ್ಮವರು ಚಂದ್ರನನ್ನು ಸುತ್ತಲು ಮೊದಲ ಸಲ ಕಳಿಸಿದ ನೌಕೆಯ ಮೈಮೇಲೆ ಅಮ್ಮನ ಕೈಹೊಲಿಗೆ ಇತ್ತು. ನೆಂಟರ ಪಾಲಿಗೆ ಮಾತ್ರ ಅವಳು ಕೊನೆತನಕ 'ಗೌರ್ಮೆಂಟ್ ಟೈಲರ್'. ನಾನೂ ಕಮ್ಮಿಯವಳಲ್ಲ. ಶಾಲೆಯಲ್ಲಿ ಅಮ್ಮನ ಕೆಲಸ ಏನೆಂದು ಕೇಳಿದರೆ 'ಆಫೀಸು' ಎಂದು ಜಾರಿಕೊಳ್ಳುತ್ತಿದ್ದೆ.

ಈಗ ಅವಳಿಗೆ ಎಪ್ಪತ್ತೆರಡು. ಬೆರಳ ಗೆಣ್ಣುಗಳು ಊದಿಕೊಂಡಿವೆ, ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾಳೆ. ಬಂದ ಹೊಸದರಲ್ಲಿ ಆ ಹುಡುಗಿಯ ಚಳಿಗಾಲದ ಜಾಕೆಟ್ಟನ್ನು ಒಳಹೊರಗು ಮಾಡಿ ಹೊಲಿಗೆ ಪರೀಕ್ಷಿಸಿ, "ಪರವಾಗಿಲ್ಲ, ಮರ್ಯಾದಸ್ಥರು ಹೊಲಿದಿದಾರೆ" ಎಂದು ಸ್ವೀಡನ್ನಿಗೆ ಸರ್ಟಿಫಿಕೇಟ್ ಕೊಟ್ಟಿದ್ದಳು. ಇಷ್ಟು ದೂರದ ವಿಮಾನ ಪ್ರಯಾಣ ಇದೇ ಕೊನೆಯದಾಗಲಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮೂರು ತಿಂಗಳ ವೀಸಾ ಮುಗಿಯುತ್ತ ಬಂದಿತ್ತು, ಶನಿವಾರ ಹೊರಡುವವಳು. ಆ ಮೂರು ತಿಂಗಳಲ್ಲಿ ನಾನು ಮಾಡಲೇಬೇಕೆಂದುಕೊಂಡಿದ್ದ ಕೆಲಸ ಒಂದೇ: ಹನ್ನೊಂದನೇ ವಯಸ್ಸಿನಲ್ಲಿ ಅವಳಿಗೆ ಅಂದ ಒಂದು ಮಾತಿಗೆ ಕ್ಷಮೆ ಕೇಳುವುದು. ದೋಣಿ ಹತ್ತಿಸಿದೆ, ಅರಮನೆ ತೋರಿಸಿದೆ, ಕಾಡಿಗೆ ಕರೆದೊಯ್ದು ಬ್ಲೂಬೆರಿ ಕೀಳಿಸಿದೆ. ಆ ಮಾತು ಮಾತ್ರ ಗಂಟಲು ದಾಟಲಿಲ್ಲ. ನನ್ನ ಬಾಯಿ ಬೈಯುವುದಕ್ಕೆ ಓಡುತ್ತದೆ, ತಪ್ಪಾಯಿತು ಎನ್ನುವುದಕ್ಕೆ ಕುಂಟುತ್ತದೆ.

ಅಂದ ಮಾತು ಏನೆಂದು ಹೇಳಬೇಕಾದರೆ ಆ ಕೆಲಸದ ಕಟ್ಟುಪಾಡು ಹೇಳಬೇಕು. ಹೊದಿಕೆ ಹೊಲಿಯುವ ಕೋಣೆಯೊಳಗೆ ಹೂವು, ಕುಂಕುಮ, ಪೌಡರು, ಬಳೆ ಯಾವುದೂ ಕೂಡದು. ಧೂಳಿನ ಕಣ ಕೂತರೂ ಕೆಟ್ಟಿತು, ಬಳೆಯ ಅಂಚು ಹಾಳೆಗೆ ತಾಗಿದರೂ ಕೆಟ್ಟಿತು. ನಮ್ಮ ಮನೆಯಲ್ಲೋ ಅಪ್ಪನ ಅಮ್ಮ ಇದ್ದರು. ಗಂಡ ಇರುವ ಹೆಂಗಸು ಬರಿಗೈಯಲ್ಲಿ ಹೊಸಿಲು ದಾಟುವುದೇ? ರಾದ್ಧಾಂತವಾಗಿಬಿಡುತ್ತಿತ್ತು. ಅಮ್ಮ ದಿನಾ ಬೆಳಿಗ್ಗೆ ಕೈತುಂಬ ಹಸಿರು ಗಾಜಿನ ಬಳೆ ತೊಟ್ಟೇ, ಆಫೀಸ್ ಬಸ್ಸಿನ ತನಕ ಬಿಡುವ ಅಪ್ಪನ ಸ್ಕೂಟರ್ ಹತ್ತುತ್ತಿದ್ದಳು, ಸಂಜೆ ಹಾಗೆಯೇ ಬಂದು ಇಳಿಯುತ್ತಿದ್ದಳು. ಕೋಣೆಯ ಕಟ್ಟುಪಾಡು ನನಗೆ ಆಗ ಗೊತ್ತಿರಲಿಲ್ಲ. ಅಪ್ಪನ ಸ್ಕೂಟರಿನ ಡಿಕ್ಕಿಯಲ್ಲಿ ನೀಲಿ ಸೋಪಿನ ಡಬ್ಬಿಯೊಂದು ಯಾವಾಗಲೂ ಇರುತ್ತಿತ್ತು. ಗ್ರೀಸು ತೊಳೆದುಕೊಳ್ಳಲು ಇರಬೇಕು ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಅಪ್ಪ ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತು. ಮೊಬೈಲ್ ಇಲ್ಲದ ಕಾಲ. ಸುದ್ದಿ ಅಮ್ಮನ ಆಫೀಸಿಗೆ ಮುಟ್ಟುವ ಹೊತ್ತಿಗೆ ಅವಳು ಬರುವ ಆಫೀಸ್ ಬಸ್ಸು ಹೊರಟಾಗಿತ್ತು. ಪಕ್ಕದ ಮನೆಯವರು ಬಸ್‌ಸ್ಟಾಪಿನಲ್ಲಿ ಕಾದು ನಿಂತು ಕರೆತಂದರು. ಅಪ್ಪನನ್ನು ಹಾಲಿನಲ್ಲಿ ಮಲಗಿಸಿದ್ದರು. ಅಮ್ಮ ಬಾಗಿಲಲ್ಲಿ ಕಾಣಿಸಿದಾಗ ಹೆಂಗಸರೆಲ್ಲ ಅವಳ ಮುಖಕ್ಕಿಂತ ಮೊದಲು ಕೈ ನೋಡಿದರು. ಎರಡೂ ಕೈ ಬರಿದಾಗಿತ್ತು. "ಅಯ್ಯಯ್ಯೋ, ಮೊದಲೇ ತೆಗೆದಿಟ್ಟುಬಿಟ್ಟಿದಾಳಲ್ಲೇ!" ಎಂದು ಯಾರೋ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ನಾನು ಓಡಿಹೋಗಿ ಅಮ್ಮನ ಎದುರು ನಿಂತು ಕಿರುಚಿದೆ: "ನೀನು ಬಳೆ ತೆಗೆದಿದ್ದಕ್ಕೇ ಅಪ್ಪ ಸತ್ತಿದ್ದು!"

ಅಮ್ಮ ನನ್ನನ್ನು ದಾಟಿ ಹೋಗಿ ಅಪ್ಪನ ಪಕ್ಕದಲ್ಲಿ ಕೂತಳು. ಹತ್ತನೆಯ ದಿನ, ಒಡೆಯುವುದಕ್ಕೆ ಕೈಯಲ್ಲಿ ಬಳೆಯೇ ಇಲ್ಲವೆಂದು, ಅದೇ ಹೆಂಗಸರು ಪೇಟೆಯಿಂದ ಹೊಸ ಹಸಿರು ಬಳೆ ತರಿಸಿ ಅವಳಿಗೆ ತೊಡಿಸಿದರು, ತೊಡಿಸಿ ಒಡೆದರು. ಕಾರ್ಯಗಳೆಲ್ಲ ಮುಗಿದ ಮಾರನೆಯ ದಿನವೇ ಅವಳು ಕೆಲಸಕ್ಕೆ ಹೋದಳು. ಎಂಥ ಕಲ್ಲುಮನಸ್ಸು ಎಂದು ನಾನು ಎಷ್ಟೋ ದಿನ ಮಾತು ಬಿಟ್ಟಿದ್ದೆ. ಮೂವತ್ತೆರಡು ವರ್ಷದ ಹಿಂದಿನ ಮಾತು.

ಇಳಿಯುವ ದಿನ ನಾನು ಮನೆಯಿಂದಲೇ ಕೆಲಸ ಮಾಡಿದೆ. ಇಲ್ಲಿ ಮಧ್ಯಾಹ್ನ ಎರಡೂವರೆ ದಾಟಿದ ಮೇಲೆ ಇಳಿಯುವುದಿತ್ತು. ಮಗಳಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಿದೆ ಎಂದು ಶಾಲೆಗೆ ಸುಳ್ಳು ಹೇಳಿ ಬೇಗ ಕರೆತಂದೆ. ಅವಳಿಗೂ ಈಗ ಹನ್ನೊಂದು. ದಾರಿಯುದ್ದಕ್ಕೂ "ಅಮ್ಮಾ, ಯು ಲೈಡ್" ಎಂದು ನನಗೆ ನೀತಿಪಾಠ ಹೇಳಿದಳು.

ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿ ಕೂತರೆ ಅಮ್ಮ ನಾಪತ್ತೆ. ಬಚ್ಚಲಮನೆಯಲ್ಲಿ ನಲ್ಲಿಯ ಸದ್ದು ಕೇಳುತ್ತಿತ್ತು. ಐದು ನಿಮಿಷವಾಯಿತು, ಹತ್ತಾಯಿತು. "ಅಮ್ಮ, ಶುರುವಾಗ್ತಿದೆ! ಈಗೇನು ಸ್ನಾನ ನಿಂದು?" ಎಂದು ರೇಗಿದೆ. ಬಂದಳು. ಹಣೆಯ ಬೊಟ್ಟು ಅಳಿಸಿತ್ತು. ಕೂದಲನ್ನು ಬಿಗಿಯಾಗಿ ಎತ್ತಿ ಕಟ್ಟಿದ್ದಳು. ನಿವೃತ್ತಿಯಾದಾಗ ಮಾಡಿಸಿಕೊಂಡ ಎರಡು ಚಿನ್ನದ ಬಳೆಗಳನ್ನು ಸೋಪು ಹಚ್ಚಿ ಬಿಡಿಸಿ ಕೈಯಲ್ಲಿ ಹಿಡಿದಿದ್ದಳು. ಸೋಫಾದಲ್ಲಿ ಕೂತು, ಟೀವಿಯಿಂದ ಕಣ್ಣು ತೆಗೆಯದೆ, ಆ ಒದ್ದೆ ಬಳೆಗಳನ್ನು ಪಕ್ಕಕ್ಕೆ ಚಾಚಿದಳು, ಯಾರೋ ತೆಗೆದುಕೊಳ್ಳುತ್ತಾರೆ ಎಂಬ ಹಾಗೆ. ನಾನೇ ತೆಗೆದುಕೊಂಡು, ಒಳಗೊಳಗೇ ಗೊಣಗುತ್ತ, ಕುರ್ತಾದ ಜೇಬಿಗೆ ಹಾಕಿಕೊಂಡೆ.

ಇದು ಅವಳು ಹೊಲಿದ ನೌಕೆಯಲ್ಲ. ಅವಳ ಕೈಕೆಳಗೆ ಕಲಿತ ಹುಡುಗಿಯರದು. ಹಿಂದಿನ ಸಲ ಕೊನೆಯ ಗಳಿಗೆಯಲ್ಲಿ ನೌಕೆಯ ಸದ್ದಡಗಿದಾಗಲೂ ಅವಳದಲ್ಲ. ಆದರೂ ಆಗ ಎರಡು ದಿನ ಸರಿಯಾಗಿ ಉಂಡಿರಲಿಲ್ಲ. "ನೀನು ಹೊಲಿದಿದ್ದಲ್ಲವಲ್ಲಮ್ಮ" ಎಂದರೆ, "ಯಾರೋ ಒಬ್ಬರು ಹೊಲಿದಿದ್ದಲ್ವೇನೇ" ಎಂದಿದ್ದಳು ಫೋನಿನಲ್ಲಿ.

ಎತ್ತರದ ಅಂಕಿಗಳು ಇಳಿಯುತ್ತ ಬಂದವು. ಮಗಳು ಉಗುರು ಕಚ್ಚುತ್ತಿದ್ದಳು. ಅಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಅಂಗೈ ಮೇಲೆ ಮಾಡಿ ಕೂತಿದ್ದಳು. ಇಳಿಯಿತು. ತೆರೆಯ ಮೇಲೆ ಸೀರೆಯುಟ್ಟ ಹೆಂಗಸರು, ಕೋಟು ಹಾಕಿದ ಗಂಡಸರು ಎದ್ದು ಚಪ್ಪಾಳೆ ಹೊಡೆದರು. ಮಗಳು ಕುಣಿದಳು, ನಾನು ಅತ್ತುಬಿಟ್ಟೆ. ಅಮ್ಮ ಚಪ್ಪಾಳೆ ಹೊಡೆಯಲಿಲ್ಲ. "ಸದ್ಯ. ತಣ್ಣಗಿರಲಿ ಎಲ್ಲರೂ" ಎಂದಳು.

ಆಮೇಲೆ ಮಗಳು ಅವಳ ಕೈ ಹಿಡಿದು ಕೇಳಿದಳು, "ಅಜ್ಜಿ, ವೈ ಬಳೆ ತೆಗ್ದೆ?"

"ಅದು ಅಭ್ಯಾಸ ಪುಟ್ಟಿ. ಅಲ್ಲಿಗೆ ಬಳೆ ಹಾಕ್ಕೊಂಡು ಹೋಗೋ ಹಾಗಿಲ್ಲ. ಮನೇಲಿ ತೆಗೆಯೋ ಹಾಗಿಲ್ಲ. ಬಸ್‌ಸ್ಟಾಪ್ ಹತ್ರ ಒಂದು ಕೊಳಾಯಿ ಇತ್ತು. ನಿನ್ನ ತಾತ ದಿನಾ ಸ್ಕೂಟರ್ ನಿಲ್ಲಿಸಿ, ನನ್ನ ಕೈಗೆ ಸೋಪ್ ಹಚ್ಚಿ, ಒಂದೊಂದೇ ಬಳೆ ತೆಗೀತಿದ್ರು. ನನ್ನ ಬ್ಯಾಗಲ್ಲಿ ಇಟ್ಕೋತೀನಿ ಅಂದ್ರೆ ಊಟದ ಡಬ್ಬಿ ತಾಗಿ ಒಡೆಯುತ್ತೆ ಅಂತ ಬಿಡ್ತಿರ್ಲಿಲ್ಲ. ಅವರ ಶರ್ಟಿನ ಜೇಬಲ್ಲೇ ಇಟ್ಕೊಂಡು ಹೋಗೋರು. ಸಂಜೆ ನಾನು ಬಸ್ ಇಳಿಯೋ ಹೊತ್ತಿಗೆ ಅಲ್ಲೇ ನಿಂತಿರೋರು. ತೊಡಿಸಿ ಮನೆಗೆ ಕರ್ಕೊಂಡ್ ಬರೋರು."

ನೀಲಿ ಸೋಪಿನ ಡಬ್ಬಿ. ಗ್ರೀಸಿಗಲ್ಲ, ಬಳೆಗೆ.

"ಅವತ್ತು?" ಎಂದೆ.

ಅಮ್ಮ ನನ್ನ ಕಡೆ ತಿರುಗಿದಳು. ಯಾವತ್ತು ಎಂದು ಕೇಳಲಿಲ್ಲ. "ಅವತ್ತೂ ಅವರ ಜೇಬಲ್ಲೇ ಇತ್ತು. ಆಸ್ಪತ್ರೆಯೋರು ವಾಚು, ಕನ್ನಡಕದ ಜೊತೆ ಪೊಟ್ಟಣ ಕಟ್ಟಿದ್ದು ನನ್ನ ಕೈಗೇ ಬಂತು, ಬೇರೆ ಯಾರೂ ಬಿಚ್ಚಿ ನೋಡಿರ್ಲಿಲ್ಲ. ಒಂದೂ ಒಡೆದಿರ್ಲಿಲ್ಲ."

"ಯಾಕಮ್ಮ ಹೇಳ್ಲಿಲ್ಲ? ಅಷ್ಟು ಜನ ಅಷ್ಟು ಮಾತಾಡಿದ್ರಲ್ಲ!"

"ಹೇಳಿದ್ರೆ ನಿಮ್ಮಜ್ಜಿ ಏನಾಗ್ತಿದ್ರು? ನನ್ನ ಮಗನೇ ಕೈಯಾರೆ ತೆಗೆದನಲ್ಲ ಅಂತ ಸಾಯೋ ತನಕ ಕೊರಗೋರು. ಮಗನ್ನ ಕಳ್ಕೊಂಡೋರಿಗೆ ಅದೊಂದು ಬೇರೆ ಬೇಕಿತ್ತಾ?"

ಮೂರು ತಿಂಗಳಿಂದ ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳೆಲ್ಲ ಎಲ್ಲಿ ಹೋದವೋ. "ತಪ್ಪಾಯ್ತಮ್ಮ. ಅವತ್ತು ನಾನು ಅಂದಿದ್ದು, ತಪ್ಪಾಯ್ತು" ಎಂದಷ್ಟೇ ಬಂತು.

"ಹುಚ್ಚಿ. ಮಗು ಕಣೇ ನೀನು. ಮಗು ಮಾತು ಯಾರಾದ್ರೂ ಮನಸ್ಸಿಗೆ ಹಚ್ಕೋತಾರಾ?" ಎಂದಳು. ಸುಳ್ಳು ಹೇಳಲಾಗದವಳ ಹಾಗೆ ಮತ್ತೆ ಬಾಯಿ ತೆರೆದಳು. "ಹಚ್ಕೊಂಡಿದ್ದೆ. ಕೋಣೆ ಬಾಗಿಲಲ್ಲಿ ಕೈ ತೊಳ್ಕೊಳ್ಳೋವಾಗೆಲ್ಲ, ಹೌದೇನೋ, ನನ್ನಿಂದ್ಲೇ ಏನೋ ಅನ್ನಿಸೋದು. ಚಂದ್ರನ ತನಕ ಹೋಗೋದಕ್ಕೆ ಹೊಲಿದೋಳು ನಾನು. ಅದು ಹೊಲಿಯೋವಾಗ್ಲೂ ಅನ್ನಿಸೋದು. ರಿಟೈರ್ ಆಗೋ ತನಕ."

ಬೈದಿದ್ದರೆ ಚೆನ್ನಾಗಿತ್ತು. ಎರಡೇಟು ಹಾಕಿದ್ದರೂ ಆಗುತ್ತಿತ್ತು. ಆ ಹೆಂಗಸರ ಪಿಸುಮಾತನ್ನು ಅವಳು ದಾಟಿ ಬಂದಿದ್ದಳು. ನನ್ನ ಮಾತನ್ನು ಮಾತ್ರ ಹೊತ್ತುಕೊಂಡು ದಿನಾ ಕೆಲಸಕ್ಕೆ ಹೋಗಿದ್ದಳು. ನನಗೆ ಅವಳ ಮುಖ ನೋಡುವ ಧೈರ್ಯವಾಗದೆ ಮಡಿಲಲ್ಲಿದ್ದ ಆ ಊದಿದ ಬೆರಳುಗಳನ್ನೇ ನೋಡುತ್ತ ಕೂತೆ. ಜೇಬಿನಲ್ಲಿ ಬಳೆಗಳು ತೊಡೆಗೆ ಒತ್ತುತ್ತಿದ್ದವು.

ಮಗಳನ್ನು ಕಳಿಸಿ ಸೋಪು, ಒಂದು ಬಟ್ಟಲು ನೀರು ತರಿಸಿದೆ. ನೆಲದ ಮೇಲೆ ಕೂತು ಅಮ್ಮನ ಬಲಗೈ ಹಿಡಿದು ನೊರೆ ಹಚ್ಚಿದೆ. ಐದೂ ಬೆರಳು ಕೂಡಿಸಿ ಬಳೆ ಏರಿಸಿದರೆ ಗೆಣ್ಣಿನ ಹತ್ತಿರ ನಿಂತಿತು.

"ನೋವಾಗ್ತಿದ್ಯಾ?"

"ಇಲ್ಲ, ನಿಧಾನಕ್ಕೆ ತಿರುಗ್ಸು. ಅವರೂ ಹಾಗೇ ಮಾಡೋರು."

ತಿರುಗಿಸಿದೆ. ಗೆಣ್ಣು ದಾಟಿ ಮಣಿಕಟ್ಟಿಗೆ ಬಂತು. ಅಮ್ಮ ಆ ಕೈಯನ್ನು ಎತ್ತಿ ನೋಡಿಕೊಂಡಳು.

"ಅವರಾದ ಮೇಲೆ ನನ್ನ ಕೈಗೆ ಬೇರೆಯವರು ಬಳೆ ತೊಡ್ಸಿದ್ದು ಒಂದೇ ಸಲ ಕಣೇ. ಅದು ಒಡೆಯೋದಕ್ಕೆ."

ನಾನು ಇನ್ನೊಂದು ಕೈಯನ್ನು ತೆಗೆದುಕೊಂಡು ಮತ್ತೆ ಸೋಪು ಹಚ್ಚಿದೆ.